ಹಲ್ಲಿನಲ್ಲಿ ಕಡಿದ ದಾರ

ಗಂಟಲು ಕೆರೆದದ್ದು ಮಂಗಳವಾರ ಬೆಳಿಗ್ಗೆ, ಒಗ್ಗರಣೆ ಮಂಡಕ್ಕಿಯ ಎರಡನೆಯ ತುತ್ತಿಗೆ. ಹಸಿಮೆಣಸಿನಕಾಯಿ ಸಿಕ್ಕಿರಬೇಕು ಅಂದುಕೊಂಡೆ. ನೀರು ಕುಡಿದೆ. ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಗುಳು ನುಂಗಿದರೂ ನೋವು. ಜ್ವರ ಇರಲಿಲ್ಲ.

ನಾನು ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುವವಳು. ರಾಯದುರ್ಗದಲ್ಲಿ ನಮ್ಮ ಓಣಿಯ ಅರ್ಧ ಮನೆಗಳಲ್ಲಿ ಇದೇ ಕೆಲಸ. ಕತ್ತರಿಸಿದ ಬಟ್ಟೆಯ ಬಂಡಲ್‌ಗಳು ಬೆಳಿಗ್ಗೆ ಬರುತ್ತವೆ, ಹೊಲಿದವು ಸಂಜೆ ಹೋಗುತ್ತವೆ. ಹಾಗಾಗಿ ಪಡಸಾಲೆಯಲ್ಲಿ ನಡೆಯುವ ದಾರಿ ದಿನಕ್ಕೊಂದು ಥರ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಮ್ಮ ಅತ್ತೆಗೆ ಕಣ್ಣು ಕಾಣುವುದಿಲ್ಲ. ಗ್ಲಾಕೋಮಾ. ಅವರು ಮನೆಯಲ್ಲಿ ಓಡಾಡುವುದು ನನ್ನ ದನಿ ಹಿಡಿದು. “ಬಲಕ್ಕ ಬಂಡಲ್ ಐತ್ರಿ ಅತ್ತಿ, ಗ್ವಾಡಿ ಹಿಡಕೊಂಡು ಬರ್ರಿ” ಎಂದು ಮಶೀನಿನಿಂದ ತಲೆ ಎತ್ತದೆ ಹೇಳುವುದು ನನಗೆ ಉಸಿರಾಡಿದಷ್ಟು ರೂಢಿ.

ಗಂಟಲಿನ ಮದ್ದೂ ಅತ್ತೆಯದೇ. ಬೆಳಿಗ್ಗೆ ಸಂಜೆ ಬಿಸಿ ಉಪ್ಪುನೀರು ಮುಕ್ಕಳಿಸುವುದು. ಮಲಗುವ ಮುಂಚೆ ಅರಿಶಿನದ ಹಾಲು. ನಡುವೆ ಕಷಾಯ. ಅದಕ್ಕೆ ಶುಂಠಿಯನ್ನು ಮೂಸಿ ನೋಡಿ ಆರಿಸುತ್ತಿದ್ದರು, ಮೆಣಸಿನಕಾಳನ್ನು ಬೆರಳ ತುದಿಯಲ್ಲಿ ಉರುಳಿಸಿ ಎಣಿಸುತ್ತಿದ್ದರು.

“ಆರು ಸಾಕವಾ. ಏಳನೇದು ಗಂಟಲಿಗಲ್ಲ, ಹೊಟ್ಟಿ ಉರಿಗೆ.”

ಕುಡಿದ ಮೇಲೆ ಒಂದು ಗಂಟೆ ಹಿತವಾಗಿರುತ್ತಿತ್ತು. ಲೋಟವನ್ನು ಕಿಟಕಿಯಲ್ಲಿಟ್ಟು ಮತ್ತೆ ಮಶೀನಿಗೆ ಕೂರುತ್ತಿದ್ದೆ. ಸಂಜೆ ಹೊತ್ತಿಗೆ ಮತ್ತೆ ಅದೇ ಮುಳ್ಳು. ಮುಕ್ಕಳಿಸಿ ಉಗುಳಿದ ನೀರಿನಲ್ಲಿ ನೀಲಿ ಎಳೆಗಳು ಕಾಣುತ್ತಿದ್ದವು. ಅದೇನೂ ಹೊಸದಲ್ಲ. ನಮ್ಮ ಓಣಿಯಲ್ಲಿ ಮೂಗು ಒರೆಸಿಕೊಂಡರೂ ಸೆರಗು ನೀಲಿಯೇ ಆಗುವುದು.

ಎರಡನೆಯ ವಾರ ನೋವು ತಗ್ಗಿತು, ದನಿ ಒಡೆಯಿತು. ಎದುರು ಮನೆಯ ಲಕ್ಷ್ಮೀದೇವಿ ಸೂಜಿ ಕೇಳಲು ಬಂದವಳು ಬಾಗಿಲಲ್ಲೇ ನಕ್ಕಳು.

“ಏನಕ್ಕಾ, ಗೊಂತು ಪೋಯಿಂದಾ? ದನಿ ಹೋತೇನು? ಅಣ್ಣ ಯಾವ ದೇವರಿಗೆ ಹರಕಿ ಹೊತ್ತಾನ ಕೇಳಿ ಹೇಳು. ನಮ್ಮ ಮನಿಯಾವರಿಗೂ ಬೇಕಾಗೈತಿ.”

ನಕ್ಕರೆ ಕೆಮ್ಮು ಬಂತು. ಅವಳು ಹೇಳಿದಂತೆ ಸುಣ್ಣ ಬೆಲ್ಲ ಕಲಸಿ ಗಂಟಲ ಹೊರಗೆ ಹಚ್ಚಿದೆ. ಬೆಳಿಗ್ಗೆ ಚರ್ಮ ಕೆಂಪಾಗಿ ಸುಲಿದಿತ್ತು. ಈಗ ಒಳಗೂ ಉರಿ, ಹೊರಗೂ ಉರಿ. ಆಸ್ಪತ್ರೆಗೆ ಹೋಗೋಣ ಎಂದು ಇವರು, ನಮ್ಮ ಯಜಮಾನರು, ಎರಡು ಸಲ ಹೇಳಿದರು. ಈ ಲಾಟಿನ ಪ್ಯಾಂಟುಗಳು ಮುಗಿಯಲಿ ಎಂದು ನಾನು ಎರಡು ಸಲ ಕೈ ಆಡಿಸಿದೆ.

ಮೂರು ವಾರ ತುಂಬಿತ್ತು. ಅತ್ತೆ ಹಿತ್ತಲಿನಿಂದ ಒಳಗೆ ಬರುತ್ತಿದ್ದರು. ಹೊಸ್ತಿಲ ಈಚೆ ಬಂಡಲ್ ಇತ್ತು. ಕೂಗಿದೆ. ಗಾಳಿ ಬಂತು, ದನಿ ಬರಲಿಲ್ಲ.

ಅತ್ತೆ ಬಿದ್ದರು.

ಮೂಳೆಗೆ ಏನೂ ಆಗಲಿಲ್ಲ. ಮೊಣಕಾಲು ತರಚಿತ್ತು. ಎಬ್ಬಿಸಿ ಕೂರಿಸಿ ಅರಿಶಿನ ಒತ್ತಿದೆ. ಅವರು ಬೈಯಲಿಲ್ಲ. ನನ್ನ ಮುಂಗೈ ಮುಟ್ಟಿ ನೋಡಿ, “ಮನಿಯಾಗ ಇದ್ಯಾ? ನೀ ಹೊರಗ ಹೋಗಿಯೇನೋ ಅನ್ಕಂಡೆ” ಅಂದರು.

ಮರುದಿನ ಬಳ್ಳಾರಿಗೆ ಹೋದೆವು. ಬಸ್ಸಿನಲ್ಲಿ ನಾನು ಕಾಯಿಲೆಯ ಹೆಸರುಗಳನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೆಚ್ಚು ಯೋಚಿಸಿದ್ದು ಬೇರೆ. ಈ ದನಿ ಬರದೇ ಹೋದರೆ ಅತ್ತೆ ಒಂದು ಮೂಲೆಯಲ್ಲಿ ಕೂತುಬಿಡುತ್ತಾರೆ. ಕೂತ ಮುದುಕಿಯನ್ನು ಎಬ್ಬಿಸುವುದು ಕಷ್ಟ.

ಇಎನ್‌ಟಿ ಡಾಕ್ಟರು ಮೂಗಿನ ಮೂಲಕ ಸಣ್ಣ ಸ್ಕೋಪ್ ಇಳಿಸಿದರು. ಕಣ್ಣಲ್ಲಿ ನೀರು ಬಂತು.

“ಗಡ್ಡಿ ಗಿಡ್ಡಿ ಏನಿಲ್ರಿ. ವೋಕಲ್ ಕಾರ್ಡ್, ಅಂದ್ರ ದನಿ ತಂತು, ಬಾತಾವ.”

ಕುರ್ಚಿಯ ಹಿಡಿ ಬಿಟ್ಟೆ. ಆಮೇಲೆ ಅವರು ಬಾಯಿ ತೆರೆಸಿ ಟಾರ್ಚು ಹಿಡಿದರು. ಚಿಮಟದಿಂದ ದವಡೆ ಹಲ್ಲಿನ ಸಂದಿಯಿಂದ ಏನನ್ನೋ ಎಳೆದರು. ಕಿತ್ತಳೆ ಬಣ್ಣದ ದಾರದ ಚೂರು.

“ಹಲ್ಲಿನಿಂದ ದಾರ ಕಡೀತೀರೇನು?”

ತಲೆಯಾಡಿಸಿದೆ. ಇವರು ನನ್ನ ಪರವಾಗಿ ಹೇಳಿದರು: “ಎಲ್ಲಾರೂ ಹಂಗ ಮಾಡ್ತಾರ್ರಿ ಸಾರ್. ಕತ್ತರಿ ಹುಡುಕೋದ್ರಾಗ ಇನ್ನೊಂದು ಪ್ಯಾಂಟು ಆಗಿರ್ತೈತಿ.”

“ದಾರ ಒಂದರಿಂದ ಹಿಂಗಾತು ಅನ್ನಾಕ ಆಗಲ್ಲ. ಮದಲು ಶೀತ ಹಿಡದಿರಬೇಕು. ಅದರ ಮ್ಯಾಲೆ ಬಟ್ಟಿ ಧೂಳು, ಮಶೀನ್ ಸದ್ದಿನಾಗ ಕೂಗಿ ಮಾತಾಡೋದು. ಬಟ್ಟಿಗೆ ಬಾಯಿ ಹಚ್ಚಿದ್ರ ಧೂಳು ಒಳಗ ಹೋಗದೇನ್ರಿ? ಕಷಾಯ ಕುಡೀರಿ, ಉಪ್ಪುನೀರು ಮುಕ್ಕಳಿಸ್ರಿ, ಬ್ಯಾಡ ಅನ್ನಲ್ಲ. ಸುಣ್ಣ ಹಚ್ಚಬ್ಯಾಡ್ರಿ. ಮೂರು ವಾರ ಕಾಯಬಾರದಿತ್ತು.”

ಏಳು ದಿನ ವಾಯ್ಸ್ ರೆಸ್ಟ್. ಪಿಸುಮಾತೂ ಕೂಡದು.

ಆರು ಮೆಣಸಿನ ಕಷಾಯ ಕುಡಿದು, ಬಾಯಿ ಒರೆಸಿಕೊಂಡು, ಅದೇ ಬಾಯಿಂದ ಮತ್ತೆ ದಾರ ಕಡಿಯುತ್ತಿದ್ದೆ. ಒಂದು ಪ್ಯಾಂಟಿಗೆ ಎಷ್ಟು ಸಲ ಎಂದು ಯಾವತ್ತೂ ಎಣಿಸಿರಲಿಲ್ಲ. ಕಾಳು ಎಣಿಸಿದ್ದ ಅತ್ತೆಗೂ ಅದು ಕಂಡಿರಲಿಲ್ಲ, ಕಣ್ಣಿದ್ದ ನನಗೂ ಕಂಡಿರಲಿಲ್ಲ.

ಮನೆಗೆ ಬಂದು ಇವರು ಮೊದಲು ಮಾಡಿದ ಕೆಲಸ, ದಾರ ತುಂಡರಿಸುವ ಪುಟ್ಟ ಕಟರನ್ನು ಲಾಡಿಯಿಂದ ಮಶೀನಿಗೆ ಕಟ್ಟಿದ್ದು. ಬಂಡಲ್‌ಗಳನ್ನೆಲ್ಲ ಎಡಗೋಡೆಗೆ ಸರಿಸಿದರು. ಏಳು ದಿನದ ದಾರಿಯನ್ನು ಅತ್ತೆಯೇ ಹೇಳಿಕೊಟ್ಟರು.

“ಆ ಕಟರ್‌ಲೆ ಮಶೀನ್ ಬಡಿ. ಒಂದು ಬಡದ್ರ ನಿಲ್ತೀನಿ. ಎರಡು ಬಡದ್ರ ಬರ್ತೀನಿ. ಮೂರು ಬಡೀಬ್ಯಾಡ, ನಾನೇನು ಗುಡಿ ದೇವರಲ್ಲ.”

ಹಾಗೇ ಏಳು ದಿನ ಕಳೆದವು. ಎಂಟನೆಯ ದಿನ ಬೆಳಿಗ್ಗೆ, ಉಪ್ಪುನೀರು ಮುಕ್ಕಳಿಸಿ, ಒಲೆಯ ಮುಂದೆ ನಿಂತು “ಅತ್ತಿ” ಅಂದೆ. ಬೆಳ್ಳುಳ್ಳಿ ಸುಲಿಯುತ್ತಿದ್ದವರು ಕತ್ತು ವಾರೆ ಮಾಡಿದರು.

“ಒಂದೀಟು ದಪ್ಪ ಆಗೈತಿ. ಇರಲಿ, ನಿಂದೇ.”

ಈಗ ಎರಡು ತಿಂಗಳಾಯಿತು. ಹೊಲಿಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ. ಕೂಗಿ ಮಾತಾಡಬೇಕಾದರೆ ಮಶೀನು ನಿಲ್ಲಿಸುತ್ತೇನೆ. ಆದರೂ ಸಂಜೆ ದನಿ ಸ್ವಲ್ಪ ಒಡೆಯುತ್ತದೆ. ಪೂರ್ತಿ ಮೊದಲಿನಂತೆ ಆಗುತ್ತದೋ ಇಲ್ಲವೋ, ಡಾಕ್ಟರು ಇನ್ನೊಮ್ಮೆ ನೋಡಿ ಹೇಳುತ್ತಾರಂತೆ. ಕಷಾಯ ಬಿಟ್ಟಿಲ್ಲ. ಕುಡಿದರೆ ಹಿತ. ಅಷ್ಟು ಸಾಕು.

ನಿನ್ನೆ ಲಾಟು ಕೊಡುವ ಅವಸರ. ಶೆಕೆಯೆಂದು ಮುಖದ ಬಟ್ಟೆ ಕೆಳಗೆ ಎಳೆದಿದ್ದೆ. ಕೈ ತಾನಾಗಿ ದಾರವನ್ನು ಬಾಯಿಗೆ ಒಯ್ದಿತು. ಕಡಿದೆ. ಪಡಸಾಲೆಯ ಆ ತುದಿಯಿಂದ ಅತ್ತೆ ಕರೆದರು.

“ಶಾರದಾ, ಮಶೀನ್ ನಿಂತೈತಿ. ಕಟರ್ ಸದ್ದು ಬರಲಿಲ್ಲ.”

ದಾರದ ಚೂರನ್ನು ನಾಲಿಗೆಯಡಿಗೆ ಸರಿಸಿದೆ.

“ಉಗುಳು.”

ಉಗುಳಿದೆ.