ಕಸದ ಬುಟ್ಟಿಗೆ ಹಾಕಿದ ಹೆಸರು

ಲೂರ್ದಮ್ಮ, ಆ ವರ್ಷ ನಿಮ್ಮ ಹೆಸರಿನ ಚೀಟಿ ಬಂದದ್ದು ನನಗೆ. ಅದು ಕಳೆದುಹೋಗಿರಲಿಲ್ಲ, ಸಿಸ್ಟರ್ ಬರೆಯಲು ಮರೆತದ್ದೂ ಅಲ್ಲ — ನಾನೇ ಮುದುರಿ ಕಸದ ಬುಟ್ಟಿಗೆ ಹಾಕಿದೆ. ಇಷ್ಟು ವರ್ಷ ಯಾರಿಗೂ ಹೇಳಲಿಲ್ಲ.

ಮೈಸೂರು ರಸ್ತೆಯಲ್ಲಿ ಇನ್ನೂ ಮೆಟ್ರೋ ಕಂಬಗಳು ಎದ್ದಿರದ ಕಾಲ. ವಿಜಯನಗರದ ಆ ಕಾನ್ವೆಂಟ್ ಶಾಲೆಯಲ್ಲಿ ನಾನು ಕನ್ನಡ ಮಿಸ್, ನೀವು ಆಯಾ. ವಯಸ್ಸಿನಲ್ಲಿ ನನ್ನ ತಾಯಿಯಷ್ಟು ದೊಡ್ಡವರು, ಆದರೂ ಎಲ್ಲರಂತೆ ನಾನೂ ನಿಮ್ಮನ್ನು ‘ನೀನು’ ಎನ್ನುತ್ತಿದ್ದೆ. ಡಿಸೆಂಬರ್ ಬಂತೆಂದರೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್, ಎಲ್ಲರ ಹೆಸರನ್ನೂ ಕನ್ನಡದಲ್ಲಿ ಬರೆದ ಚೀಟಿಗಳನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕಿ ಸ್ಟಾಫ್ ರೂಮಿಗೆ ತರುತ್ತಿದ್ದರು. ಹಿಂದೂ, ಕ್ರೈಸ್ತ, ಟೀಚರು, ಆಯಾ ಎಂಬ ಭೇದವಿಲ್ಲ. ಓದು ಬಾರದವರಿಗೆ ಬಂದ ಹೆಸರನ್ನು ಸಿಸ್ಟರೇ ಕಿವಿಯಲ್ಲಿ ಹೇಳುತ್ತಿದ್ದರು. ಯಾರ ಹೆಸರು ಬರುತ್ತದೋ ಅವರಿಗೆ ಕ್ರಿಸ್‌ಮಸ್‌ವರೆಗೆ ನಾವು ಗುಟ್ಟಿನ ಅಮ್ಮ. ಅವರಿಗಾಗಿ ಪ್ರಾರ್ಥಿಸಬೇಕು, ಯಾರೂ ಕಾಣದಂತೆ ಏನಾದರೂ ಸಣ್ಣದು ಇಟ್ಟುಬರಬೇಕು. ರಜೆಯ ಹಿಂದಿನ ದಿನ ಒಬ್ಬೊಬ್ಬರೇ ಬಾಲಯೇಸುವಿನ ಗೋದಲಿಯ ಮುಂದೆ ನಿಂತು “ನನ್ನ ಅಮ್ಮ ಯಾರು?” ಎಂದು ಕೇಳುತ್ತಾರೆ. ಆ ಅಮ್ಮ ಎದ್ದುಬಂದು ತಬ್ಬಿಕೊಳ್ಳುತ್ತಾಳೆ.

ನನಗೆ ಇದೆಲ್ಲ ಮಕ್ಕಳಾಟ. ನಿಮಗಲ್ಲ. ಸಿಸ್ಟರುಗಳ ಅನಾಥಾಲಯದಲ್ಲಿ ಬೆಳೆದವರು ನೀವು, ಹೆತ್ತವರ ಮುಖ ಕಂಡಿಲ್ಲ. “ವರ್ಷಕ್ಕೊಂದ್ ಸಲ ನಂಗೂ ಒಬ್ರು ಅಮ್ಮ ಸಿಗ್ತಾರೆ ಮಿಸ್” ಎಂದು ಒಮ್ಮೆ ನೆಲ ಒರೆಸುತ್ತ ನಗುನಗುತ್ತ ಹೇಳಿದ್ದಿರಿ. ಅದು ಗೊತ್ತಿದ್ದೂ — ಅಲ್ಲ, ಗೊತ್ತಿದ್ದೇ ನಾನು ಹಾಗೆ ಮಾಡಿದೆ.

ಅದಕ್ಕೆ ಮೂರು ವಾರ ಮುಂಚೆ, ಶಾಲೆಯಲ್ಲಿ ನನಗೆ ಇದ್ದಕ್ಕಿದ್ದಂತೆ ರಕ್ತ ಹೋಗತೊಡಗಿದಾಗ, ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದವರು ನೀವು. ಎರಡೂವರೆ ತಿಂಗಳಾಗಿತ್ತು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಬಾಪೂಜಿ ನಗರದ ಮನೆಯಲ್ಲಿ ಅತ್ತೆಗೆ ಇನ್ನೂ ತಿಳಿಸಿರಲಿಲ್ಲ; ಹೋದಮೇಲೆ ತಿಳಿಸುವುದೇನು ಬಂತು. ಗಂಡನಿಗೆ ಗೊತ್ತು, ನಿಮಗೆ ಗೊತ್ತು. ಶಾಲೆಯಲ್ಲಿ ಹೊಟ್ಟೆ ಕೆಟ್ಟಿತ್ತು ಎಂದೆ. ನಾಲ್ಕನೆಯ ದಿನವೇ ಬಂದು ಏಳನೆಯ ತರಗತಿಗೆ ಲೋಪಸಂಧಿ ಹೇಳಿಕೊಟ್ಟೆ. ಉದಾಹರಣೆಗಳೂ ಸರಿಯಾಗಿಯೇ ಬಂದವು. ಅಳು ಬರಲಿಲ್ಲ, ಏನೂ ಬರಲಿಲ್ಲ.

ಚೀಟಿ ಬಿಚ್ಚಿದರೆ ನಿಮ್ಮ ಹೆಸರು. “ಇವತ್ತಿಂದ ನಿಮ್ ಕೈಲಿರೋರಿಗೆ ನೀವೇ ಅಮ್ಮ” ಎಂದು ಸಿಸ್ಟರ್ ನಗುತ್ತಿದ್ದರು. ಆ ಮಾತು ಕೇಳಿಯೂ ನನಗೆ ಏನೂ ಆಗಲಿಲ್ಲ. ಆದದ್ದು ಬೇರೆ — ನನ್ನ ಗುಟ್ಟು ತಿಳಿದವರನ್ನೇ ಎಲ್ಲರೆದುರು ತಬ್ಬಿಕೊಳ್ಳಬೇಕಲ್ಲ ಎಂಬ ಭಯ. ನೀವು ಬಾಯಿತಪ್ಪಿ ಏನಾದರೂ ಅಂದುಬಿಟ್ಟರೆ? ಅನ್ನುವವರಲ್ಲ ಎಂದು ಗೊತ್ತಿತ್ತು. ಆದರೂ ಚೀಟಿಯನ್ನು ಮುದುರಿ, ನನ್ನ ಮೇಜಿನ ಕೆಳಗಿನ ಬುಟ್ಟಿಗೆ ಹಾಕಿ, ಪಾಠಕ್ಕೆ ಹೋದೆ.

ಮರುದಿನದಿಂದ ನನ್ನ ಮೇಜಿನ ಡ್ರಾಯರಿನಲ್ಲಿ ದಿನಕ್ಕೊಂದು ಉಂಡೆ, ಪೇಪರಿನಲ್ಲಿ ಸುತ್ತಿದ್ದು. ಕೊಬ್ಬರಿ, ಬೆಲ್ಲ, ಒಣಶುಂಠಿ — ಬಾಣಂತಿಯರಿಗೆ ಕೊಡುವಂಥದ್ದು. ಹೊಟ್ಟೆ ಕೆಟ್ಟವಳಿಗೆ ಅದನ್ನು ಯಾರು ಕೊಡುತ್ತಾರೆ! ನನ್ನ ಅಮ್ಮ ನೀವೆಂದು ಆಗಲೇ ತಿಳಿಯಿತು. ಒಂದು ದಿನವೂ ಬಿಡದೆ ತಿಂದೆ. ನೀವು ಪೊರಕೆ ಇಡುವ ಮೂಲೆಯಲ್ಲಿ ಮಾತ್ರ ನಾನು ಒಂದು ಚಾಕಲೇಟನ್ನೂ ಇಡಲಿಲ್ಲ. ಬೆಳಿಗ್ಗೆ ಬಂದವರೇ ನೀವು ಆ ಮೂಲೆಯ ಕಡೆ ಕಣ್ಣು ಹಾಯಿಸುತ್ತಿದ್ದಿರಿ. ನಾನು ನೋಡಿಯೂ ನೋಡದಂತೆ ಹಾಜರಿ ಬರೆಯುತ್ತಿದ್ದೆ.

ಆ ದಿನ ಹೊಸ ನೀಲಿ ಸೀರೆ ಉಟ್ಟು ಬಂದು ನಿಂತಿರಿ. “ನನ್ನ ಅಮ್ಮ ಯಾರು?” ಯಾರೂ ಏಳಲಿಲ್ಲ. ಇನ್ನೊಮ್ಮೆ ಕೇಳಿದಿರಿ, ಸ್ವಲ್ಪ ಮೆಲ್ಲಗೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಗೋದಲಿಗೆ ಹಾಸಿದ ಹುಲ್ಲನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಸಿಸ್ಟರ್ ಎದ್ದರು. “ನಿನ್ ಹೆಸ್ರು ಬರಿಯೋಕೇ ಮರ್ತಿದೀನಿ ಅನ್ಸುತ್ತೆ ಕಣಮ್ಮ. ತಪ್ಪು ನಂದು.” “ಪರ್ವಾಗಿಲ್ಲ ಬಿಡಿ ಸಿಸ್ಟರ್” ಎಂದು ನೀವು ಪಕ್ಕಕ್ಕೆ ಸರಿದಿರಿ.

ಮುಂದಿನ ಸರದಿ ನನ್ನದು. ಎದ್ದು ಹೋಗಿ ನಾನೂ ಕೇಳಿದೆ — ನಾಚಿಕೆಯಿಲ್ಲದೆ. ನೀವು ಬಂದಿರಿ, ತಬ್ಬಿಕೊಂಡಿರಿ. “ಈಗ ಹುಷಾರಾಗಿದೀರಾ ಮಿಸ್?” ಎಂದಿರಿ, ನನಗೊಬ್ಬಳಿಗೇ ಕೇಳುವಷ್ಟು.

ರಜೆ ಮುಗಿದು ಶಾಲೆ ತೆರೆದ ದಿನ ನೀವು ಬುಟ್ಟಿಗಳನ್ನು ಖಾಲಿ ಮಾಡುತ್ತಿದ್ದಿರಿ. ನನ್ನ ಬುಟ್ಟಿಯಲ್ಲಿ ಮುದುರಿದ ಕಾಗದವೊಂದಿತ್ತು. ಅದನ್ನು ಬಿಡಿಸಿ, ಅಂಗೈಯಿಂದ ಸವರಿ, “ಇದು ಬೇಕಾದ್ದಾ ಮಿಸ್?” ಎಂದಿರಿ. ಯಾವುದೋ ಹಳೆಯ ಪ್ರಶ್ನೆಪತ್ರಿಕೆ. ನಿಮ್ಮ ಅಭ್ಯಾಸವೇ ಅದು. ಬಿಡಿಸಿ ನೋಡದೆ, ಕೇಳದೆ ಯಾವ ಕಾಗದವನ್ನೂ ಎಸೆದವರಲ್ಲ. ನಿಮಗೆ ಓದು ಬರುತ್ತಿರಲಿಲ್ಲ. ರುಜು ಹಾಕಲೆಂದು ಕಲಿತ ನಿಮ್ಮ ಹೆಸರೊಂದು ಮಾತ್ರ ಬರುತ್ತಿತ್ತು.

ಹಾಗಾದರೆ ಆ ಚೀಟಿಯನ್ನೂ ನೀವು ಬಿಡಿಸಿರಬೇಕು. ಅದೊಂದನ್ನು ಮಾತ್ರ ಬೇಕಾ ಎಂದು ಕೇಳಲಿಲ್ಲ. ಎಲ್ಲ ತಿಳಿದೂ ದಿನಾ ಉಂಡೆ ಇಟ್ಟಿರಿ...

ನನಗೆ ಆಮೇಲೆ ಮಗಳು ಹುಟ್ಟಿದಳು. ಅಮ್ಮಾ ಎಂದು ಅವಳು ಕರೆದರೆ ಈಗಲೂ ಒಂದು ಗಳಿಗೆ ತಡೆದೇ ಓಗೊಡುತ್ತೇನೆ. ನೀವು ಕೆಂಗೇರಿಯ ಕಡೆ, ಸಿಸ್ಟರುಗಳು ನಡೆಸುವ ವೃದ್ಧಾಶ್ರಮದಲ್ಲಿದ್ದೀರಿ ಎಂದು ಮೊನ್ನೆ ತಿಳಿಯಿತು. ಇದನ್ನು ಅಂಚೆಗೆ ಹಾಕಿದರೆ ಬೇರೆ ಯಾರೋ ನಿಮಗೆ ಓದಿ ಹೇಳಬೇಕು. ಅದು ಬೇಡ. ಭಾನುವಾರ ನಾನೇ ಬರುತ್ತೇನೆ. ನೀವು ಮೊದಲು ಕೇಳುವುದು ಹುಷಾರಾಗಿದೀರಾ ಎಂದೇ. ಅಷ್ಟರೊಳಗೆ ನಾನು ಹೇಳಿಬಿಡಬೇಕು. ಚೀಟಿ ನನಗೆ ಬಂದಿತ್ತು, ಲೂರ್ದಮ್ಮ. ನೀವು ಎರಡು ಸಲ ಕೇಳಿದಿರಿ. ನಾನು ಕೂತೇ ಇದ್ದೆ.