ಟಾಂಗಾಕ್ಕೆ ಎರಡು ಬ್ಯಾಟರಿ

ಬ್ಯಾಟರಿಗಳು ಹೈದರಾಬಾದಿನಿಂದ ಬಂದವೋ ಮುಂಬಯಿಯಿಂದಲೋ, ನನಗೆ ಖಾತ್ರಿಯಿಲ್ಲ. ಊರು ಲಿಂಗಸುಗೂರು, ನಿಜಾಮರ ಕಾಲ. ಉಳಿದದ್ದರಲ್ಲಿ ಸ್ವಲ್ಪ ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಟಾಂಗಾದ ಕುದುರೆಯನ್ನು ಮಾರಿ, ಅದೇ ಗಾಡಿಗೆ ಕರೆಂಟಿನ ಮೋಟಾರು ಹಚ್ಚಿ ಮಸ್ಕಿಗೆ ಓಡಿಸುವ ಹುಚ್ಚು ನನ್ನ ಸೋದರಮಾವನಿಗೆ. ಸೀಸದ್ದೊಂದು, ಕಬ್ಬಿಣದ್ದೊಂದು ಎರಡು ಬ್ಯಾಟರಿ ತರಿಸಿ, ಹತ್ತಿ ಬಿಡಿಸುವ ಜಿನ್ನಿನ ಡೈನಮೋದಲ್ಲಿ ಕರೆಂಟು ತುಂಬಿಸಿ ಪರೀಕ್ಷೆಗಿಟ್ಟ. ಸೀಸದ್ದಕ್ಕೆ ಆಮ್ಲ ಬೇಕು, ಕಬ್ಬಿಣದ್ದಕ್ಕೆ ಕ್ಷಾರ. ಸೀಸದ್ದು ಮೊದಲು ಜೋರಾಗಿತ್ತು; ಸುಗ್ಗಿಯಲ್ಲಿ ಖಾಲಿ ಬಿಟ್ಟಿದ್ದಕ್ಕೆ ಸತ್ತೇಹೋಯಿತು. ಕಬ್ಬಿಣದ್ದು ಭಾರ, ಮಂದ, ಆದರೆ ಎಷ್ಟು ಅಲಕ್ಷ್ಯ ಮಾಡಿದರೂ ಮತ್ತೆ ಏಳುತ್ತಿತ್ತು.

"ಥೇಟ್ ನನ್ನಂಗ ಐತಿ ನೋಡು," ಎಂದ ಮಾವ.

"ಹೌದ್ರೀ, ಅದೂ ಜಲ್ದಿ ಏಳಂಗಿಲ್ಲ," ಎಂದಳು ಅತ್ತೆ.

ಮುದಗಲ್ಲಿನ ಗಿರಾಕಿ ಕುದುರೆ ಒಯ್ಯಲು ಬರುವವನಿದ್ದ. ಕುದುರೆಗೆ ದಿನವೂ ಕೈಯಾರೆ ರೊಟ್ಟಿ ತಿನ್ನಿಸುತ್ತಿದ್ದ ಅತ್ತೆ ಉಣ್ಣುವುದನ್ನೇ ಬಿಟ್ಟಳು.

ಆಕೆಯ ಅಡುಗೆಮನೆಯಲ್ಲಿ ಅನ್ನದ ಸೌಟು ಮೊಸರಿಗೆ ತಾಗಿದರೆ ಮುಸುರೆ. ಆಮ್ಲದ ಲಾಳಿಕೆ ಕ್ಷಾರಕ್ಕೆ ತಾಗಬಾರದು, ತಾಗಿದರೆ ಬ್ಯಾಟರಿ ಕೆಡುತ್ತದೆಂದು ಜಿನ್ನಿನ ಮೇಸ್ತ್ರಿ ಹೇಳಿದಾಗ ಮನೆಯಲ್ಲಿ ಅದನ್ನು ಸರಿಯಾಗಿ ಕೇಳಿಸಿಕೊಂಡವಳು ಆಕೆಯೊಬ್ಬಳೇ.

"ಬ್ಯಾಟರಿಗೂ ಮುಸುರಿ ಐತೇನ ಮತ್ತ?" ಎಂದು ಮಾವ ನಕ್ಕ.

ಗಿರಾಕಿ ಬಂದ ದಿನ ಕಬ್ಬಿಣದ ಬ್ಯಾಟರಿ ಏಳಲಿಲ್ಲ. ಲಾಳಿಕೆ ತೊಳೆಯದೆ ಬಳಸಿದ ತಪ್ಪು ತನ್ನದೇ ಎಂದುಕೊಂಡು ಮಾವ ಗಿರಾಕಿಯನ್ನು ಬರಿಗೈಲಿ ಕಳಿಸಿದ. ಕುದುರೆ ಉಳಿಯಿತು.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಮೇಲೆ ನನಗೊಂದು ಗುಮಾನಿ ಹತ್ತಿತು: ಲಾಳಿಕೆಗೆ ಅಂಟಿದ ನಾಲ್ಕು ಹನಿ ಆಮ್ಲಕ್ಕೆ ಅಂಥ ಬ್ಯಾಟರಿ ಸಾಯುವುದಿಲ್ಲ. ಅತ್ತೆಗೆ ಕೇಳಿದೆ:

"ಅತ್ತಿ, ಖರೇ ಹೇಳು, ಅದಕ್ಕ ಆಸಿಡ್ ಸುರುವಿದಾಕಿ ನೀನೇ ಏನ?"