ವರ್ಲಾಳ ಮೂರನೆಯ ‘ಬೇಡ’

ವರ್ಲಾ ಸ್ಟೆನ್ಸ್‌ರುಡ್‌ಳ ಮುತ್ತಜ್ಜ ಟೋರ್ವಾಲ್ಡ್ ನಾರ್ವೆಯಿಂದ ಹಡಗು ಹತ್ತಿ ಮಿನ್ನೆಸೋಟಾಕ್ಕೆ ಬಂದವನು. ಹಿಮಗಾಳಿ ಬೀಸುವ ದಿನ, ದಾರಿ ತಪ್ಪದಂತೆ ಸೊಂಟಕ್ಕೆ ಕಟ್ಟಿಕೊಂಡು ಕೊಟ್ಟಿಗೆಗೆ ಹೋಗು ಎಂದು ನೆರೆಯವನು ಹಗ್ಗ ತಂದುಕೊಟ್ಟರೆ, ನಿಮ್ಮ ಹಗ್ಗ ಸುಮ್ಮನೆ ಯಾಕೆ ಸವೆಸುವುದು ಎಂದು ಹಿಂದಿರುಗಿಸಿದ. ಬೆಳಗಿನಿಂದ ಸಂಜೆಯವರೆಗೆ ಹಿಮದಲ್ಲಿ ಸುತ್ತಿ ಸುತ್ತಿ ಕೊನೆಗೆ ಸೇರಿದ್ದು ಅದೇ ನೆರೆಯವನ ಕೊಟ್ಟಿಗೆಯನ್ನು. ಬಂದದ್ದು ವ್ಯರ್ಥವಾಗಬಾರದು ಎಂದು ಅವನ ಹಸುಗಳ ಹಾಲನ್ನೆಲ್ಲ ಕರೆದುಕೊಟ್ಟು ಬಂದ.

ಆತನ ಸೊಸೆ ಗುಡ್ರುನ್ ಸುಗ್ಗಿಯ ದಿನ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಡಾಕ್ಟರು ಬರುವಷ್ಟರಲ್ಲಿ ಅಡುಗೆಯ ಸೌಟನ್ನೇ ಕಾಲಿಗೆ ಒತ್ತಾಗಿ ಕಟ್ಟಿಕೊಂಡು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಆ ಡಾಕ್ಟರಿಗೇ ಕಾಫಿ ಕೊಟ್ಟಳು. ಅವಳ ಮಗ ಓರ್ವಿಲ್, ಅಂದರೆ ವರ್ಲಾಳ ಅಪ್ಪ, ಹೆಂಡತಿಗೆಂದು ಕೊಂಡ ಪಿಯಾನೊವನ್ನು ಯಾರ ಕೈಯನ್ನೂ ಬೇಡದೆ ಒಬ್ಬನೇ, ಹೆಪ್ಪುಗಟ್ಟಿದ ಕೆರೆಯ ಮೇಲೆ ಎಳೆದುಕೊಂಡು ಹೊರಟವನು. ನಡುಗೆರೆಯಲ್ಲಿ ಮಂಜುಗಡ್ಡೆ ಬಿರುಕು ಬಿಟ್ಟಿತು. ಓರ್ವಿಲ್ ದಡ ಸೇರಿದ, ಪಿಯಾನೊ ಸೇರಲಿಲ್ಲ. ಇಂದಿಗೂ ನಮ್ಮ ಕೆರೆಯಲ್ಲಿ ಗಾಳ ಎಲ್ಲಾದರೂ ಸಿಕ್ಕಿಕೊಂಡರೆ ಓರ್ವಿಲ್‌ನ ಪಿಯಾನೊ ಕಚ್ಚಿತು ಅನ್ನುತ್ತೇವೆ.

ಇಂಥವರ ಕುಡಿ ವರ್ಲಾ. ನಮ್ಮೂರು ನೋರ್ಬಿಯ ಶಾಲೆಯ ಹಳದಿ ಬಸ್ಸು ಓಡಿಸುತ್ತ ತಲೆ ನರೆಸಿಕೊಂಡವಳು. ಬಾಗಿಲಗಲ ಭುಜ, ಅದಕ್ಕೆ ತಕ್ಕ ದನಿ. ಬಸ್ಸಿನ ಟಯರು ಪಂಕ್ಚರಾದರೆ ತಾನೇ ಬಿಚ್ಚಿ ತಾನೇ ಹಾಕುವಳು. ನೋಡುತ್ತ ನಿಂತ ಗಂಡಸರಿಗೆ, ಚಳಿ ಇದೆ, ಒಳಗೆ ಹೋಗಿ ಕೂತುಕೊಳ್ಳಿ ಎಂದು ಉಪಚಾರ ಹೇಳುವಳು. ಮದುವೆಯಾಗಲಿಲ್ಲ. ಕೇಳಿದವರಿದ್ದರು. ಆದರೆ ಎಲ್ಲರೂ ಎರಡು ಸಲಕ್ಕೇ ದಣಿದುಬಿಟ್ಟರು.

ಈ ಎರಡು ಸಲದ ಸಂಗತಿ ತಿಳಿಯದೆ ವರ್ಲಾಳ ಕಥೆ ತಿಳಿಯದು. ನೋರ್ಬಿಯಲ್ಲಿ ಕಾಫಿ ಬೇಕೇ ಎಂದು ಯಾರಾದರೂ ಕೇಳಿದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೆಯ ಸಲ, ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ ಕೇಳಿದಾಗ, ಹೇಗೂ ಮಾಡಿಟ್ಟಿದ್ದರೆ ಅರ್ಧ ಲೋಟ ಅಂದು, ಲೋಟ ತುಂಬ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹೊಟ್ಟೆಬಾಕ. ಮೂರನೆಯ ಸಲವೂ ಬೇಡ ಅಂದವನು ಮುಖ ಮುರಿದವನು, ಅವನ ಜೊತೆ ಮತ್ತೆ ಮಾತು ಕೂಡಿಬರಲು ಯಾರಾದರೂ ಸಾಯಬೇಕು, ಇಲ್ಲವೇ ಮದುವೆಯಾಗಬೇಕು.

ವರ್ಲಾ ಶಾಲೆ ಮುಗಿಸುವ ವರ್ಷ ಟೆಕ್ಸಸ್ಸಿನಿಂದ ಒಂದು ಸಂಸಾರ ನಮ್ಮೂರಿಗೆ ಬಂದಿತ್ತು. ಅವರ ಮಗ ಕ್ಲಿಂಟ್, ಕೋಳಿಕಟ್ಟೆಯ ಹುಂಜದ ಹಾಗೆ ಎದೆಯುಬ್ಬಿಸಿ ನಡೆಯುವ ಹುಡುಗ, ಶಾಲೆ ಮುಗಿಸುವವರ ಪ್ರಾಮ್ ಕುಣಿತಕ್ಕೆ ನನ್ನ ಜೋಡಿಯಾಗಿ ಬರ್ತೀಯಾ ಎಂದು ವರ್ಲಾಳನ್ನು ಕೇಳಿದ. ಅಯ್ಯೋ, ನಾನ್ಯಾಕೆ ಅಂದಳು ವರ್ಲಾ. ಅವನು ಮತ್ತೆ ಕೇಳಿದ. ನಿನಗೆ ಬೇರೆ ಯಾರಾದರೂ ಇದ್ದಾರು ಅಂದಳು. ಅಂದು, ಮೂರನೆಯ ಸಲಕ್ಕೆ ಹೂಂ ಅನ್ನಲು ಬಾಯಿ ಸಿದ್ಧ ಮಾಡಿಕೊಂಡು ನಿಂತಳು. ಟೆಕ್ಸಸ್ಸಿನವನಿಗೆ ಏನು ಗೊತ್ತು? ಟೋಪಿ ಮುಟ್ಟಿ ನಮಸ್ಕರಿಸಿ ಹೊರಟುಹೋದ. ಮರುದಿನ ಅವನು ಕೇಳಿದ್ದು ಆರ್ಡಿಸ್‌ಳನ್ನು. ಅವಳು ವರ್ಲಾಳ ಆಪ್ತ ಗೆಳತಿ, ಕೂಡಿ ಆಡಿ ಬೆಳೆದವಳು. ಆರ್ಡಿಸ್ ಕೂಡ ಎರಡು ಸಲ ಬೇಡ ಅಂದಳು. ಆದರೆ ಅವಳ ಅಮ್ಮ ಬಾಗಿಲ ಹಿಂದಿನಿಂದ ಮೂರನೆಯ ಸಲ ಕೇಳೋ ಎಂದು ಹುಡುಗನಿಗೆ ಕೈಸನ್ನೆ ಮಾಡಿದಳು.

ಅಷ್ಟರಲ್ಲಿ ವರ್ಲಾಳ ಅಮ್ಮ ಗೌನು ಹೊಲಿದಾಗಿತ್ತು. ಪೀಚ್ ಹಣ್ಣಿನ ಬಣ್ಣ, ಕುಂಬಳಕಾಯಿ ಗಾತ್ರದ ತೋಳು, ಬೆನ್ನುದ್ದಕ್ಕೂ ಜಿಪ್ಪು. ಬಟ್ಟೆ ಹೆಚ್ಚಾದ್ದರಿಂದ ಮಿಕ್ಕಿದ್ದು ಅಡುಗೆಮನೆಯ ಕಿಟಕಿಗೆ ಪರದೆಯಾಯಿತು. ಗೌನು ತೊಟ್ಟು ಕಿಟಕಿಯ ಪಕ್ಕ ನಿಂತರೆ ವರ್ಲಾಳ ತಲೆ ಮಾತ್ರ ಕಾಣುತ್ತಿತ್ತು. ಪ್ರಾಮ್‌ಗೆ ಮುಂಚಿನ ಜೋಡಿ ಮೆರವಣಿಗೆಯ ಸಂಜೆ ಊರಿಗೆ ಊರೇ ಶಾಲೆಯಲ್ಲಿ ಕೂತು, ಒಂದೊಂದೇ ಜೋಡಿಯ ಹೆಸರು ಕೂಗಿದಾಗ ಚಪ್ಪಾಳೆ ತಟ್ಟುತ್ತಿದ್ದರೆ, ವರ್ಲಾ ಮನೆಯಲ್ಲಿ ಕರುವಿಗೆ ಹಾಲು ಕುಡಿಸುತ್ತಿದ್ದಳು. ಗೌನಿಗೆ ನುಸಿ ಹತ್ತಬಾರದೆಂದು ಅಮ್ಮ ಅದನ್ನು ಮಡಿಸಿ ನೆಲಮಾಳಿಗೆಯ ಫ್ರೀಜರಿನಲ್ಲಿಟ್ಟಳು, ಮೇಲೆ ಜಿಂಕೆ ಮಾಂಸ, ಕೆಳಗೆ ಜೋಳ. ಮುಂದೆ ಎಷ್ಟೋ ಜಿಂಕೆಗಳು ಬಂದು ಹೋದವು. ಗೌನು ಕದಲಲಿಲ್ಲ. ಕ್ಲಿಂಟ್ ಇನ್ನೊಂದು ಚಳಿಗಾಲವನ್ನೂ ತಡೆಯಲಾರದೆ ಟೆಕ್ಸಸ್ಸಿಗೆ ಓಡಿದ.

ಆಮೇಲೆ ಪ್ರತಿ ವರ್ಷವೂ ಪ್ರಾಮ್‌ಗೆ ಮಕ್ಕಳನ್ನು ಕರೆದೊಯ್ಯುವುದು ವರ್ಲಾಳ ಬಸ್ಸೇ. ಅವರು ಇಳಿದು ಜೋಡಿಜೋಡಿಯಾಗಿ ನಡೆಯುವುದನ್ನು ಅವಳು ಚಾಲಕನ ಕನ್ನಡಿಯಲ್ಲಿ ನೋಡುತ್ತಿದ್ದಳು. ನೋಡಿ ನೋಡಿ ಒಂದು ಏಪ್ರಿಲ್ಲಿನ ಭಾನುವಾರ, ಚರ್ಚಿನ ಕಾಫಿ ಹೊತ್ತಿನಲ್ಲಿ, ಅವಳ ಬಾಯಿಂದ ಮಾತು ಜಾರಿತು. ನಮಗೂ ಒಂದು ಪ್ರಾಮ್ ಮಾಡಿದರೆ ಏನಾಗುತ್ತದೆ? ಹೆಂಗಸರಿಗೇ. ಜೊತೆಗೆ ಗಂಡನೇ ಆಗಬೇಕೆಂದಿಲ್ಲ, ಗೆಳತಿಯಾದರೂ ಸರಿ, ನಾದಿನಿಯಾದರೂ ಸರಿ. ಬಸ್ ನಿಲ್ಲಿಸುವ ಶೆಡ್ಡು ಹೇಗೂ ಖಾಲಿ ಇರುತ್ತದೆ.

ಅಯ್ಯೋ, ನಿನಗ್ಯಾಕೆ ಅಷ್ಟು ತೊಂದರೆ ಎಂದು ಎಲ್ಲರೂ ಒಟ್ಟಿಗೆ ಅಂದರು. ಅಂದರೆ ಎಲ್ಲರಿಗೂ ಆಸೆಯಾಗಿದೆ ಎಂದರ್ಥ. ಆದರೆ ಕರೆಯುವ ಕೆಲಸ ಸಣ್ಣದೇ? ಒಬ್ಬೊಬ್ಬಳನ್ನೂ ಮೂರು ಮೂರು ಸಲ ಕರೆಯಬೇಕು. ಮೇ ತಿಂಗಳು ಪೂರ್ತಿ ವರ್ಲಾ ಬಸ್ಸು ನಿಲ್ಲಿಸಿದಲ್ಲೆಲ್ಲ ಇಳಿದು ಬಾಗಿಲು ತಟ್ಟಿದಳು. ಮಕ್ಕಳು ಶಾಲೆಗೆ ತಡವಾಗಿ ಹೋಗುತ್ತ ಬಲು ಸಂತೋಷದಿಂದಿದ್ದರು. ಅಂಚೆ ಕಚೇರಿಯ ಬರ್ನೀಸ್ ಎರಡನೆಯ ಬೇಡ ಹೇಳಿದ ಮೇಲೆ ಜ್ವರ ಹಿಡಿದು ಮಲಗಿಬಿಟ್ಟಳು. ಮೂರನೆಯ ಕರೆ ತಪ್ಪಿಹೋದೀತೆಂದು ಹೆದರಿ ಜ್ವರದಲ್ಲೇ ಕಿಟಕಿಗೆ ಬಂದು ಕೂತಿದ್ದಳು.

ಇನ್ನು ವರ್ಲಾಳ ಜೋಡಿ. ಆರ್ಡಿಸ್ ಗಂಡನನ್ನು ಕಳೆದುಕೊಂಡು ಕೆಲವು ವರ್ಷಗಳಾಗಿದ್ದವು. ಈಗ ಅವಳ ಮನೆಯಲ್ಲಿದ್ದದ್ದು ಅವಳು ಮತ್ತು ಗಂಡ ನುಡಿಸುತ್ತಿದ್ದ ಅಕಾರ್ಡಿಯನ್ ಪೆಟ್ಟಿಗೆ. ಅವಳೇ ಒಂದು ದಿನ ಕೇಳಿದಳು, ಮೆರವಣಿಗೆಗೆ ನಾವಿಬ್ಬರು ಜೋಡಿಯಾಗೋಣವಾ? ವರ್ಲಾ ಬೇಡ ಅಂದಳು. ಮರುವಾರ ಆರ್ಡಿಸ್ ಮತ್ತೆ ಕೇಳಿದಳು. ನಿನಗೆ ಬೇರೆ ಯಾರಾದರೂ ಇದ್ದಾರು ಅಂದಳು ವರ್ಲಾ. ಅಂದ ಮೇಲೆ ನೆನಪಾಯಿತು. ಇದೇ ಮಾತನ್ನಲ್ಲವೇ ಅಂದು ಕ್ಲಿಂಟ್‌ಗೆ ಹೇಳಿದ್ದು! ಆದರೆ ಆರ್ಡಿಸ್ ಟೆಕ್ಸಸ್ಸಿನವಳಲ್ಲ, ಕೇಳೇ ಕೇಳುತ್ತಾಳೆ ಎಂದು ಸಮಾಧಾನ ಮಾಡಿಕೊಂಡಳು.

ಆರ್ಡಿಸ್ ಕೇಳಿದಳು ಕೂಡ, ಫೋನಿನಲ್ಲಿ. ಆದರೆ ಆ ಹೊತ್ತಿಗೆ ವರ್ಲಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಮಾತಾಡುತ್ತಲೇ ಗೌನು ತೆಗೆಯಲು ನೆಲಮಾಳಿಗೆಗೆ ಇಳಿದಿದ್ದಳು. ಅಲ್ಲಿ ಸಿಗ್ನಲ್ ಸಿಗದೆ ಫೋನು ಸಾಯುತ್ತದೆ. ಅತ್ತ ಆರ್ಡಿಸ್ ತಾನು ಕೇಳಿದ್ದಕ್ಕೆ ಉತ್ತರ ಕಾದು ಕಾದು ಫೋನಿಟ್ಟಳು. ಮೂರನೆಯ ಸಲಕ್ಕೆ ಮೌನ! ನಮ್ಮಲ್ಲಿ ಅದು ಬೇಡಕ್ಕಿಂತ ಒಂದು ಕೈ ಮೇಲು. ಇತ್ತ ವರ್ಲಾ ಫ್ರೀಜರಿನೊಳಗೆ ತಲೆ ಹಾಕಿ, ಗೌನಿನ ತೋಳಿಗೆ ಅಂಟಿದ ಮೀನನ್ನು ಚಾಕುವಿನಿಂದ ಬಿಡಿಸುತ್ತಿದ್ದಳು.

ಮುಂದಿನ ಭಾನುವಾರದಿಂದ ಆರ್ಡಿಸ್ ಚರ್ಚಿನಲ್ಲಿ ಆಚೆ ಸಾಲಿನಲ್ಲಿ ಕೂತಳು. ಮೆರವಣಿಗೆಗೆ ನನ್ನ ಜೋಡಿ ಅಕಾರ್ಡಿಯನ್ ಎಂದು ಬರ್ನೀಸ್ ಹತ್ತಿರ ಹೇಳಿದಳಂತೆ. ಸುದ್ದಿ ಕೇಳಿ ವರ್ಲಾ ಕಲ್ಲಾದಳು. ಮೂರನೆಯ ಸಲ ಕೇಳದೆಯೇ ಹೋದಳಲ್ಲ ಎಂದು ಇವಳ ಮುನಿಸು. ಮೂರನೆಯ ಸಲಕ್ಕೂ ಒಲ್ಲೆ ಅಂದಳಲ್ಲ ಎಂದು ಅವಳ ಮುನಿಸು. ಹೋಗಿ ಕೇಳೋಣವೆಂದರೆ ಸ್ಟೆನ್ಸ್‌ರುಡ್ ರಕ್ತ ಬಿಡಬೇಕಲ್ಲ. ಗೌನು ಮಾತ್ರ ಬಟ್ಟೆ ಹಗ್ಗದ ಮೇಲೆ ನೀರು ತೊಟ್ಟಿಕ್ಕುತ್ತ ಒಣಗಿತು. ಊರಿನ ಬೆಕ್ಕುಗಳೆಲ್ಲ ಅದರ ಕೆಳಗೆ ಕೂತು ಮೇಲೆ ನೋಡುತ್ತಿದ್ದವು.

ಜೂನ್ ತಿಂಗಳ ಶನಿವಾರ, ಬಿಸಿಲು ಇನ್ನೂ ಗಟ್ಟಿಯಾಗಿರುವಾಗಲೇ, ಶೆಡ್ಡು ತುಂಬಿತು. ಹಸು ಕರೆಯುವ ಮಂದಿ, ಬೇಗ ಮಲಗಬೇಕು. ಮೇಜಿನ ಮೇಲೆ ಆಲೂಗಡ್ಡೆ ಉಂಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್ ತಟ್ಟೆಗಳು, ತುರಿದ ಕ್ಯಾರೆಟ್ ಹಾಕಿದ ಹಸಿರು ಜೆಲ್ಲಿ. ಹೆಂಗಸರೆಲ್ಲ ಮಿರಮಿರ ಮಿಂಚುತ್ತಿದ್ದರು. ಒಬ್ಬಳು ಮಗಳ ಮದುವೆಯ ಗೌನು ತೊಟ್ಟಿದ್ದಳು. ಇನ್ನೊಬ್ಬಳು ತನ್ನ ಹಳೆಯ ಗೌನಿನೊಳಗೆ ಹೊಗಲಾರದೆ ಅದನ್ನು ಏಪ್ರನ್ನಿನ ಹಾಗೆ ಮುಂದೆ ಕಟ್ಟಿಕೊಂಡು, ಹಿಂದೆ ತಿರುಗುವುದಿಲ್ಲವೆಂದು ಶಪಥ ಮಾಡಿ ಬಂದಿದ್ದಳು. ನಡೆಯುವ ಹೆಂಗಸರೆಲ್ಲ ಹೊರಗೆ ನಿಂತ ಹಳದಿ ಬಸ್ಸು ಹತ್ತಿದರು. ವರ್ಲಾ ಕೋಟು ಹೊದ್ದು ಚಾಲಕನ ಸೀಟಿನಲ್ಲಿ ಕೂತು, ಅದನ್ನು ಶೆಡ್ಡಿನೊಳಗೆ ತಂದು ನಿಲ್ಲಿಸಿದಳು. ಜೋಡಿಗಳು ಬಸ್ಸಿನ ಮೆಟ್ಟಿಲಿಂದ ಇಳಿದು ನಡೆಯಬೇಕು, ಇಬ್ಬದಿಯಲ್ಲೂ ಕೂತ ಊರು ಚಪ್ಪಾಳೆ ತಟ್ಟಬೇಕು.

ಹೆಸರು ಕೂಗಲು ಒಪ್ಪಿದ್ದವನು ದನದ ಹರಾಜಿನ ಆರ್ಲೋ. ನಾಲಿಗೆಗೆ ಬೇರೆ ಅಭ್ಯಾಸವಿಲ್ಲ, ಪಾಪ. ಬರ್ನೀಸ್ ಸೊಸೆಯ ಕೈ ಹಿಡಿದು ಇಳಿದದ್ದೇ ತಡ ಶುರುವಿಟ್ಟ.

“ನೋಡ್ರಪ್ಪಾ ನೋಡಿ, ಬರ್ನೀಸು, ಒಳ್ಳೇ ತಳಿ, ಸಾಧು ಸ್ವಭಾವ, ಒದಿಯೋದಿಲ್ಲ, ಜ್ವರ ಬಿಟ್ಟು ವಾರ ಆಯ್ತು. ಜೊತೆಗೆ ಎಳೇದೊಂದು, ಇನ್ನೂ ಪಳಗಬೇಕು. ಒಂದು ಸಲ, ಎರಡು ಸಲ, ಮೂರು ಸಲ!”

ಮೇಜು ಕುಟ್ಟಿದ. ಬರ್ನೀಸ್ ನಾಚಿ ಕೆಂಪಾದಳು. ಇಷ್ಟು ಹೊಗಳಿಕೆ ಅವಳಿಗೆ ಗಂಡನಿಂದಲೂ ಸಿಕ್ಕಿರಲಿಲ್ಲ. ಹೀಗೆ ಒಂದೊಂದೇ ಜೋಡಿ ಇಳಿಯಿತು. ಪ್ರತಿ ಜೋಡಿಗೂ ಬಸ್ಸಿನ ಬಾಗಿಲು ತೆರೆದು ಮುಚ್ಚುತ್ತಿದ್ದವಳು ವರ್ಲಾ. ಆರ್ಡಿಸ್ ಅಕಾರ್ಡಿಯನ್ ಎದೆಗವಚಿಕೊಂಡು, ಇವಳ ಮುಖ ನೋಡದೆ ಇಳಿದಳು. ಬಸ್ಸು ಬರಿದಾಯಿತು.

ವರ್ಲಾ ಕೋಟಿನಡಿಯಲ್ಲಿ ಕೈ ಹಿಂದೆ ತಿರುಗಿಸಿ ಜಿಪ್ಪು ಹುಡುಕಿದಳು. ಬೆಳಗಿನಿಂದ ಹೆಣಗಿದ್ದಳು. ಅಷ್ಟು ವರ್ಷ ಜೋಳದ ಜೊತೆ ಮಲಗಿದ ಜಿಪ್ಪು ಸೊಂಟದ ತನಕ ಬಂದು ಅಲ್ಲೇ ತುಕ್ಕು ಹಿಡಿದು ನಿಂತಿತ್ತು. ಬೆನ್ನು ಪೂರ್ತಿ ಬಯಲು. ಜೋಡಿಯೂ ಇಲ್ಲ, ಬೆನ್ನೂ ಇಲ್ಲ. ಹೊರಗೆ ಆರ್ಲೋ ಅವಳ ಹೆಸರು ಹಿಡಿದ.

“ಕೊನೇದಾಗಿ ನಮ್ಮ ವರ್ಲಾ, ಗಟ್ಟಿ ಮೂಳೆ, ಬೇಕಾದ್ರೆ ನೇಗಿಲಿಗೂ ಕಟ್ಟಬಹುದು. ಎಲ್ಲಿ, ಬರಲಿ. ಒಂದು ಸಲ!”

ಯಾರೂ ಇಳಿಯಲಿಲ್ಲ. ಬಾಗಿಲು ಮುಚ್ಚೇ ಇತ್ತು. ಆರ್ಲೋ ಬೆವರು ಒರೆಸಿಕೊಂಡ. ಎರಡು ಸಲ ಎಂದ, ಮೆಲ್ಲಗೆ. ಹರಾಜಿನವನು ಮೂರು ಅಂದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ, ಇಡೀ ಶೆಡ್ಡಿಗೆ ಅದು ಗೊತ್ತು. ಹಾಟ್‌ಡಿಶ್ ಬಡಿಸುತ್ತಿದ್ದ ಸೌಟು ಗಾಳಿಯಲ್ಲೇ ನಿಂತಿತು.

ಆಗ ಬಸ್ಸಿನ ಬಾಗಿಲು ಕಿರ್ರೆಂದು ತೆರೆಯಿತು. ಒಳಗಿನಿಂದ ವರ್ಲಾಳ ದನಿ ಬಂತು, ಗದ್ದಲದ ಮಕ್ಕಳನ್ನು ಕೂರಿಸುವ ಅದೇ ದನಿ.

“ಆರ್ಡಿಸ್. ನನ್ ಜೊತೆ ನಡೀತೀಯಾ?”

ಸ್ಟೆನ್ಸ್‌ರುಡ್ ಮನೆತನದಲ್ಲಿ ಯಾರಾದರೂ ತಮಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಆರ್ಡಿಸ್ ಎದ್ದು ನಿಂತಳು. ಅವಳ ಬಾಯಿ ತಾನಾಗಿಯೇ ಹಳೆಯ ಹಾದಿ ಹಿಡಿಯಿತು.

“ಅಯ್ಯೋ, ನಾನ್ಯಾಕೆ...”

“ಲೇ ಆರ್ಡಿಸ್, ಬೆನ್ನು ಬಿಟ್ಕೊಂಡು ಕೂತಿದೀನಿ. ಎರಡನೇ ಸಲ ಕೇಳೋಷ್ಟು ಹೊತ್ತಿಲ್ಲ.”

“ಫೋನಲ್ಲಿ ಕೇಳಿದಾಗ ತುಟಿ ಪಿಟಕ್ ಅನ್ಲಿಲ್ಲ ನೀನು.”

“ನೆಲಮಾಳಿಗೇಲಿದ್ದೆ ಕಣೇ, ಫ್ರೀಜರ್ ಒಳಗೆ. ಅಲ್ಲಿ ಫೋನು ಸಾಯುತ್ತೆ ಅಂತ ಊರಿಗೇ ಗೊತ್ತು.”

ಆರ್ಡಿಸ್ ಅಕಾರ್ಡಿಯನ್ನನ್ನು ಬರ್ನೀಸ್‌ಳ ಮಡಿಲಿಗೆ ಹಾಕಿ ಬಸ್ಸು ಹತ್ತಿದಳು. ಒಂದೇ ಸಲಕ್ಕೆ! ಊರಿನ ಮಂದಿ ಮುಖ ಮುಖ ನೋಡಿಕೊಂಡರು. ಅವಳಿಗೆ ಮೈ ಸರಿಯಿಲ್ಲವೇನೋ ಎಂದು ಯಾರೋ ಪಿಸುಗುಟ್ಟಿದರು. ಬಸ್ಸಿನೊಳಗೆ ಗುದ್ದಾಟದ ಸದ್ದು, ಉಸಿರು ಒಳಗೆಳೆಯೇ ಎಂಬ ಬೈಗುಳ, ಬರ್ರೆಂದು ಟೇಪು ಹರಿಯುವ ಸದ್ದು. ಜಿಪ್ಪು ಜಗ್ಗದ್ದರಿಂದ, ಅಪಘಾತವಾದಾಗ ದೂರಕ್ಕೆ ಕಾಣಲೆಂದು ಬಸ್ಸಿನಲ್ಲಿಟ್ಟಿದ್ದ ಮಿಂಚುವ ಟೇಪಿನಿಂದ ಆರ್ಡಿಸ್ ವರ್ಲಾಳ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ಹೊದಿಸಿಬಿಟ್ಟಳು.

ಇಬ್ಬರೂ ತೋಳಿಗೆ ತೋಳು ಸೇರಿಸಿ ಮೆಟ್ಟಿಲಿಳಿದರು. ಮೀನಿನ ವಾಸನೆ ಒಂದು ಹೆಜ್ಜೆ ಮುಂದೆ, ಕುಂಬಳಕಾಯಿ ತೋಳುಗಳು ಇಬ್ಬದಿಗೆ, ಬೆನ್ನ ಮೇಲೆ ಶೆಡ್ಡಿನ ಬಾಗಿಲಿನ ಬಿಸಿಲು ಬಿದ್ದು ಕಣ್ಣು ಕೋರೈಸುವ ಬೆಳಕು. ಆರ್ಲೋ ಮೂರು ಸಲ ಎಂದಷ್ಟೇ ಹೇಳಿ ಮೇಜು ಕುಟ್ಟಿದ. ಹಿಂದಿನ ಸಾಲಿನಲ್ಲಿ ಅರೆನಿದ್ದೆಯಲ್ಲಿದ್ದ ಒಬ್ಬ ಮುದುಕ ಅಭ್ಯಾಸಬಲದಿಂದ ಕೈಯೆತ್ತಿ ಬೆಲೆ ಕೂಗಿದ. ಹೆಂಡತಿ ಅವನ ಕೈ ಕೆಳಗಿಳಿಸಿದಳು. ಚಪ್ಪಾಳೆ ಎಷ್ಟು ಜೋರಾಯಿತೆಂದರೆ ಹಸಿರು ಜೆಲ್ಲಿ ಮೇಜಿನ ಮೇಲೆ ಬಹಳ ಹೊತ್ತು ನಡುಗುತ್ತಿತ್ತು. ವರ್ಲಾ ಆ ಉದ್ದವನ್ನು ನಡೆದು, ತಿರುಗಿ, ಕೇಳದೆಯೇ ಇನ್ನೊಮ್ಮೆ ನಡೆದಳು.

ಕುಣಿತ, ಊಟ ಎಲ್ಲ ಮುಗಿದು, ತಟ್ಟೆಯ ಕೊನೆಯ ಸಿಹಿ ತುಂಡನ್ನು ಯಾರೂ ಪೂರ್ತಿ ತೆಗೆದುಕೊಳ್ಳದೆ ಅರ್ಧ, ಅರ್ಧದಲ್ಲಿ ಅರ್ಧ ಮಾಡುತ್ತ ಪುಡಿ ಉಳಿಸಿ, ಹೊತ್ತು ಮುಳುಗುವ ಮುಂಚೆಯೇ ಊರು ಮನೆ ಸೇರಿತು. ಆರ್ಡಿಸ್ ವರ್ಲಾಳ ಅಡುಗೆಮನೆಯವರೆಗೆ ಬಂದಳು. ವರ್ಲಾಳಿಗೆ ಗೌನಿನಿಂದ ಹೊರಬರುವ ದಾರಿಯೇ ಇರಲಿಲ್ಲ. ಜಿಪ್ಪು ತುಕ್ಕು, ಟೇಪು ಬೆನ್ನಿಗಂಟಿದೆ. ಆರ್ಡಿಸ್ ಕತ್ತರಿ ತಂದು, ಬಾ ಬಿಡಿಸ್ತೀನಿ ಅಂದಳು. ಬೇಡ ಅಂದಳು ವರ್ಲಾ. ಆರ್ಡಿಸ್ ನಕ್ಕು ಎರಡನೆಯ ಸಲ ಕೇಳಿದಳು. ನಿನಗ್ಯಾಕೆ ತೊಂದರೆ ಅಂದಳು ವರ್ಲಾ. ಪದ್ಧತಿಯಂತೆ ಆರ್ಡಿಸ್ ಕತ್ತರಿ ತೆರೆದು, ಹತ್ತಿರ ಬಂದು, ಮೂರನೆಯ ಸಲ ಕೇಳಿದಳು.

ವರ್ಲಾ ಅದೇ ಪೀಚ್ ಬಣ್ಣದ ಬಟ್ಟೆಯ ಪರದೆಯ ಪಕ್ಕ ನಿಂತಿದ್ದಳು. ತಲೆ ಮಾತ್ರ ಕಾಣುತ್ತಿತ್ತು.

“ಬೇಡ ಕಣೇ. ಇದು ಮೂರನೇ ಬೇಡ, ಸರಿಯಾಗಿ ಎಣಿಸ್ಕೋ, ಆಮೇಲೆ ಮುನಿಸ್ಕೋಬೇಡ. ಇಷ್ಟು ವರ್ಷ ಇದು ಜಿಂಕೆ ಜೊತೆ ಮಲಗಿತ್ತು, ಇವತ್ತು ನನ್ ಜೊತೆ ಮಲಗ್ಲಿ. ಕತ್ತರಿ ಅಲ್ಲಿಟ್ಟು ಮನೆಗೆ ಹೋಗು.”